ಲಿನಕ್ಸ್ ಕರ್ನಲ್‌ನಲ್ಲಿ ಎನ್‌ಎಫ್‌ಎಸ್: ಪದೇ ಪದೇ ಕೇಳುವ ಪ್ರಶ್ನೆಗಳು

ದೂರದ ಸರ್ವರ್‌ನಲ್ಲಿರುವ ಫೈಲನ್ನು ಇದೇ ಯಂತ್ರದ ಡಿಸ್ಕಿನಲ್ಲಿದೆ ಎಂಬಂತೆ ಪ್ರೋಗ್ರಾಮುಗಳಿಗೆ ತೋರಿಸುವುದು ಎನ್‌ಎಫ್‌ಎಸ್‌ನ ಕೆಲಸ. ಈ ಸೋಗು ಎಲ್ಲಿ ಹರಿಯುತ್ತದೋ ಅಲ್ಲೇ ಪ್ರಶ್ನೆಗಳೂ ಹುಟ್ಟುತ್ತವೆ. ಜನ ದೋಷ ಎಂದುಕೊಳ್ಳುವ ಬಹಳಷ್ಟು ವರ್ತನೆಗಳು ಬೇಕೆಂದೇ ಮಾಡಿಕೊಂಡ ರಾಜಿಗಳು. ಕೆಳಗಿನದೆಲ್ಲ ಮುಖ್ಯವಾಗಿ ಲಿನಕ್ಸ್ ಕ್ಲೈಂಟ್ ಕುರಿತು. ಸರ್ವರ್ ಬೇರೆಯದ್ದಾದರೂ ಹೆಚ್ಚಿನ ಮಾತು ಹೊಂದುತ್ತದೆ.

ಪ್ರೋಗ್ರಾಂ ‘ರೀಡ್’ ಕರೆದಾಗ ಕರ್ನಲ್ ಒಳಗೆ ಏನೇನಾಗುತ್ತದೆ?

ಕರೆ ಮೊದಲು ವಿಎಫ್‌ಎಸ್ ಪದರಕ್ಕೆ, ಅಂದರೆ ಎಲ್ಲ ಫೈಲ್ ಸಿಸ್ಟಂಗಳಿಗೂ ಸಾಮಾನ್ಯವಾದ ಬಾಗಿಲಿಗೆ, ಬರುತ್ತದೆ. ಫೈಲ್ ಯಾವ ಫೈಲ್ ಸಿಸ್ಟಂನದ್ದು ಎಂದು ನೋಡಿ ಅದು ಕರೆಯನ್ನು ದಾಟಿಸುತ್ತದೆ: ಎಕ್ಸ್‌ಟಿ4 ಆದರೆ ಡಿಸ್ಕಿನ ದಾರಿ, ಎನ್‌ಎಫ್‌ಎಸ್ ಆದರೆ ನೆಟ್‌ವರ್ಕಿನ ದಾರಿ. ಎನ್‌ಎಫ್‌ಎಸ್ ಕೋಡು ಮೊದಲು ನೋಡುವುದು ಫೈಲಿನ ಗಾತ್ರ, ಬದಲಾದ ಸಮಯ ಮುಂತಾದ ವಿವರ ಇನ್ನೂ ನಂಬುವಷ್ಟು ಹೊಸದೇ ಎಂಬುದನ್ನು. ಹಳತಾಗಿದ್ದರೆ ಸರ್ವರಿಗೆ ‘ಗೆಟ್‌ಆಟ್ರ್’ ವಿನಂತಿ ಹೋಗುತ್ತದೆ. ಫೈಲ್ ಬದಲಾಗಿಲ್ಲ, ಬೇಕಾದ ಪುಟಗಳು (ಮೆಮೊರಿಯ ತುಂಡುಗಳು) ಪೇಜ್ ಕ್ಯಾಶ್‌ನಲ್ಲಿ, ಅಂದರೆ ಫೈಲುಗಳ ದತ್ತಾಂಶವನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗದಲ್ಲಿ, ಇವೆ ಎಂದಾದರೆ ಅಲ್ಲಿಂದಲೇ ನಕಲು ಮಾಡಿ ಕೊಟ್ಟು ಕೆಲಸ ಮುಗಿಸುತ್ತದೆ.

ಪುಟಗಳು ಇಲ್ಲದಿದ್ದರೆ ಖಾಲಿ ಪುಟಗಳನ್ನು ಹಿಡಿದು, ಅವಕ್ಕೆ ಬೀಗ ಹಾಕಿ, ಪಕ್ಕಪಕ್ಕದವನ್ನು ಸೇರಿಸಿ ಒಂದು ದೊಡ್ಡ ‘ರೀಡ್’ ವಿನಂತಿ ಮಾಡುತ್ತದೆ. ವಿನಂತಿಗಳನ್ನು ಸರ್ವರಿಗೆ ಸಾಗಿಸುವ ಸನ್‌ಆರ್‌ಪಿಸಿ ಪದರ ಅದಕ್ಕೆ 32 ಬಿಟ್‌ನ ಎಕ್ಸ್‌ಐಡಿ ಸಂಖ್ಯೆ ಅಂಟಿಸಿ, ಎಲ್ಲ ಬಗೆಯ ಯಂತ್ರಗಳಿಗೂ ಅರ್ಥವಾಗುವ ಎಕ್ಸ್‌ಡಿಆರ್ ರೂಪಕ್ಕೆ ತಂದು ಟಿಸಿಪಿ ಸಾಕೆಟ್‌ಗೆ ತಳ್ಳುತ್ತದೆ. ಉತ್ತರ ಬಂದಾಗ ಆ ಸಂಖ್ಯೆ ನೋಡಿಯೇ ಯಾವ ವಿನಂತಿಯದ್ದು ಎಂದು ಹೊಂದಿಸುವುದು. ದತ್ತಾಂಶ ಪುಟಗಳಿಗೆ ಇಳಿದ ಮೇಲೆ ಬೀಗ ತೆರೆಯುತ್ತದೆ, ಮಲಗಿದ್ದ ಪ್ರಾಸೆಸ್ ಏಳುತ್ತದೆ.

ಇದೆಲ್ಲ ಕರ್ನಲ್ ಒಳಗೇ ಏಕೆ? ಸಾಮಾನ್ಯ ಪ್ರೋಗ್ರಾಂ ಆಗಿ ಬರೆಯಬಾರದೇ?

ಬರೆಯಬಹುದು, ಫೈಲ್ ಸಿಸ್ಟಂಗಳನ್ನು ಕರ್ನಲ್ ಹೊರಗೆ ಬರೆಯಲು ಬಿಡುವ ಫ್ಯೂಸ್ ಇರುವುದೇ ಅದಕ್ಕೆ. ಆದರೆ ಎಂಮ್ಯಾಪ್ (ಫೈಲನ್ನು ನೇರ ಮೆಮೊರಿಯಂತೆ ತೋರಿಸುವುದು), ಪ್ರೋಗ್ರಾಂ ಓಡಿಸುವುದು, ಮೆಮೊರಿ ಕಡಿಮೆಯಾದಾಗ ಪುಟ ಬಿಟ್ಟುಕೊಡುವುದು ಇವೆಲ್ಲ ಪೇಜ್ ಕ್ಯಾಶ್ ಜೊತೆ ಹೆಣೆದುಕೊಂಡಿವೆ. ಒಳಗೇ ಇದ್ದರೆ ಪ್ರತಿ ಕರೆಗೂ ಹೊರಗಿನ ಪ್ರಾಸೆಸ್‌ಗೆ ಹೋಗಿಬರುವ ಖರ್ಚೂ ಇಲ್ಲ. ಅಷ್ಟೇಕೆ, ಸ್ಥಳೀಯ ಫೈಲ್ ಸಿಸ್ಟಂ ಮತ್ತು ಎನ್‌ಎಫ್‌ಎಸ್ ಎರಡಕ್ಕೂ ಒಂದೇ ಬಾಗಿಲು ಇರಲೆಂದೇ ಸನ್ ಮೈಕ್ರೋಸಿಸ್ಟಮ್ಸ್ 1985ರಲ್ಲಿ ಸನ್‌ಓಎಸ್‌ಗೆ ವಿಎಫ್‌ಎಸ್ ಪದರವನ್ನು ತಂದದ್ದು.

ಒಂದು ಯಂತ್ರದಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣುತ್ತಿಲ್ಲ. ಏಕೆ?

ಕಾಣಬೇಕಾದ ಕ್ಷಣ ಯಾವುದು ಎಂಬುದಕ್ಕೆ ಎನ್‌ಎಫ್‌ಎಸ್‌ನಲ್ಲಿ ಒಂದು ಕರಾರಿದೆ: ಬರೆದವರು ಫೈಲ್ ಮುಚ್ಚಿದ ಮೇಲೆ ಓದುವವರು ಅದನ್ನು ತೆರೆದರೆ ಹೊಸದು ಕಾಣಲೇಬೇಕು. ಮುಚ್ಚುವಾಗ ಕ್ಲೈಂಟ್ ತನ್ನಲ್ಲಿ ಉಳಿದ ಬರಹವನ್ನೆಲ್ಲ ಸರ್ವರಿಗೆ ಕಳಿಸುತ್ತದೆ. ತೆರೆಯುವಾಗ ಸರ್ವರನ್ನು ಕೇಳಿ, ಫೈಲ್ ಬದಲಾಗಿದ್ದರೆ ತನ್ನ ಕ್ಯಾಶ್ ಎಸೆಯುತ್ತದೆ. ಇದರಾಚೆಗೆ ಯಾವ ಭರವಸೆಯೂ ಇಲ್ಲ.

‘ಅ’ ಎಂಬ ಯಂತ್ರದಲ್ಲಿ ಒಂದು ಪ್ರೋಗ್ರಾಂ ಲಾಗ್ ಫೈಲ್ ತೆರೆದಿಟ್ಟು ಸಾಲು ಸಾಲಾಗಿ ಬರೆಯುತ್ತಿದೆ, ಮುಚ್ಚುತ್ತಿಲ್ಲ ಎನ್ನಿ. ಬರೆದ ಸಾಲು ಅದರ ಪೇಜ್ ಕ್ಯಾಶ್‌ನಲ್ಲೇ ಕೂರುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಕೊಳೆ ಪುಟಕ್ಕೆ (ಬರೆದು ಇನ್ನೂ ಸರ್ವರಿಗೆ ಕಳಿಸದ ಪುಟಕ್ಕೆ) 30 ಸೆಕೆಂಡ್ ವಯಸ್ಸಾದ ಮೇಲೆ ಕರ್ನಲ್ ಅದನ್ನು ಕಳಿಸಲು ಹೊರಡುತ್ತದೆ. ಅತ್ತ ‘ಆ’ ಯಂತ್ರದಲ್ಲಿ ಫೈಲನ್ನು ತೆರೆದೇ ಇಟ್ಟು ನೋಡುತ್ತಿರುವ ಪ್ರೋಗ್ರಾಂಗೆ ಗಾತ್ರ ಬದಲಾದದ್ದು ಗೊತ್ತಾಗಬೇಕಾದರೆ ವಿವರಗಳ ಕ್ಯಾಶ್ ಅವಧಿ ಮುಗಿಯಬೇಕು. ಫೈಲುಗಳಿಗೆ ಆ ಅವಧಿ ಕನಿಷ್ಠ 3, ಗರಿಷ್ಠ 60 ಸೆಕೆಂಡ್. ಡೈರೆಕ್ಟರಿಗಳಿಗೆ 30ರಿಂದ 60. ಫೈಲ್ ಸುಮ್ಮನಿದ್ದಷ್ಟೂ ಅವಧಿ ಹಿಗ್ಗುತ್ತದೆ, ಬದಲಾದದ್ದು ಕಂಡೊಡನೆ ಮತ್ತೆ 3ಕ್ಕೆ ಇಳಿಯುತ್ತದೆ. ಎರಡೂ ಕಡೆಯ ವಿಳಂಬ ಸೇರಿದರೆ ಒಂದು ಸಾಲು ಒಂದೂವರೆ ನಿಮಿಷ ತಡವಾಗಿ ಕಂಡರೂ ಯಾವುದೂ ಕೆಟ್ಟಿಲ್ಲ ಎಂದೇ ಅರ್ಥ.

ಬರೆಯುವ ಪ್ರೋಗ್ರಾಂ ನಿಮ್ಮದಾಗಿದ್ದರೆ ಸಾಲಿಗೊಮ್ಮೆಯೋ ಹತ್ತು ಸಾಲಿಗೊಮ್ಮೆಯೋ ಉಳಿದ ಬರಹವನ್ನೆಲ್ಲ ಕೂಡಲೇ ಕಳಿಸುವ ‘ಎಫ್‌ಸಿಂಕ್’ ಕರೆಯಿರಿ. ಓದುವ ಕಡೆ ಫೈಲನ್ನು ಮುಚ್ಚಿ ಮತ್ತೆ ತೆರೆಯಿರಿ. ಹೊಸ ಫೈಲೇ ಕಾಣದಿರುವುದು ಬೇರೆ ಸಮಸ್ಯೆ: ‘ಆ ಹೆಸರಿನ ಫೈಲ್ ಇಲ್ಲ’ ಎಂಬ ಉತ್ತರವನ್ನೂ ಕ್ಲೈಂಟ್ ನೆನಪಿಟ್ಟುಕೊಳ್ಳುತ್ತದೆ. ‘ಲುಕಪ್‌ಕ್ಯಾಶ್’ ಎಂಬ ಮೌಂಟ್ ಆಯ್ಕೆಗೆ (ಮೌಂಟ್ ಎಂದರೆ ಸರ್ವರ್‌ನ ಡೈರೆಕ್ಟರಿಯನ್ನು ಈ ಯಂತ್ರಕ್ಕೆ ಜೋಡಿಸುವುದು) ‘ಪಾಸಿಟಿವ್’ ಎಂದು ಕೊಟ್ಟರೆ ಆ ನೆನಪು ನಿಲ್ಲುತ್ತದೆ.

ಹಾಗಾದರೆ ‘ನೋಎಸಿ’ ಹಾಕಿಬಿಟ್ಟರೆ ಮುಗಿಯಿತಲ್ಲ?

ಬೇಡ. ಅದು ವಿವರಗಳ ಕ್ಯಾಶ್ ತೆಗೆಯುವುದರ ಜೊತೆಗೆ ಪ್ರತಿ ಬರಹವನ್ನೂ ಆಗಿಂದಾಗ್ಗೆ ಸರ್ವರಿಗೆ ಕಳಿಸುವಂತೆ ಮಾಡುತ್ತದೆ. ವೇಗ ನೆಲ ಕಚ್ಚುತ್ತದೆ. ಅಷ್ಟಾದರೂ ಎರಡು ಯಂತ್ರಗಳು ಒಂದೇ ಫೈಲಿಗೆ ಒಟ್ಟಿಗೆ ಬರೆಯುವುದು ಸುರಕ್ಷಿತವಾಗುವುದಿಲ್ಲ. ಅದಕ್ಕೆ ಲಾಕ್ ಬೇಕು. ಲಾಕ್ ಸಿಕ್ಕಿದೊಡನೆ ಕ್ಲೈಂಟ್ ಕ್ಯಾಶನ್ನು ಪರಿಶೀಲಿಸುತ್ತದೆ, ಬಿಡುವ ಮೊದಲು ಬರಹವನ್ನು ಕಳಿಸುತ್ತದೆ. ಲಾಕ್ ಇಲ್ಲದ ‘ಓ_ಅಪೆಂಡ್’ ಕೂಡ ನಂಬಿಕೆಗೆ ಅರ್ಹವಲ್ಲ: ಕೊನೆಗೆ ಸೇರಿಸು ಎಂಬ ವಿನಂತಿಯೇ ಪ್ರೋಟೋಕಾಲ್‌ನಲ್ಲಿಲ್ಲ. ಕೊನೆ ಎಲ್ಲಿ ಎಂದು ಲೆಕ್ಕ ಹಾಕುವುದು ಕ್ಲೈಂಟೇ, ಆದ್ದರಿಂದ ಇಬ್ಬರೂ ಒಂದೇ ಜಾಗಕ್ಕೆ ಬರೆದು ಒಬ್ಬರದ್ದು ಅಳಿಸಿಹೋಗಬಹುದು.

ಸರ್ವರ್ ಬಿದ್ದಾಗ ಎಲ್ಲವೂ ನೇತಾಡುತ್ತದೆ. ಪ್ರಾಸೆಸ್ ‘ಡಿ’ ಸ್ಥಿತಿಯಲ್ಲಿ (ಎಬ್ಬಿಸಲಾಗದ ಕಾಯುವಿಕೆಯಲ್ಲಿ) ಸಿಕ್ಕಿಕೊಳ್ಳುತ್ತದೆ.

ಮೂಲ ಹೊಂದಿಕೆ ‘ಹಾರ್ಡ್’. ಅಂದರೆ ಸರ್ವರ್ ಮರಳುವ ತನಕ, ಅದು ನಾಳೆಯಾದರೂ ಸರಿ, ಕಾಯುತ್ತದೆ. ಕರ್ನಲ್ ಲಾಗ್‌ನಲ್ಲಿ ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಎಂಬ ಸಾಲು ಬರುತ್ತದೆ. ಮರಳಿದಾಗ ‘ಓಕೆ’ ಎಂಬ ಸಾಲು. ನಡುವೆ ನಿಂತ ಪ್ರೋಗ್ರಾಮುಗಳು ನಿಂತಲ್ಲಿಂದಲೇ ಮುಂದುವರಿಯುತ್ತವೆ, ಅವಕ್ಕೆ ಏನೂ ಆದಂತೆಯೇ ಗೊತ್ತಾಗುವುದಿಲ್ಲ. ಲೋಡ್ ಆವರೇಜ್ ಆಕಾಶಕ್ಕೇರಿ ಸಿಪಿಯು ಖಾಲಿ ಕೂತಿದ್ದರೆ ಇದೇ ಕಾರಣವಿರಬಹುದು, ಏಕೆಂದರೆ ಲಿನಕ್ಸ್ ‘ಡಿ’ ಪ್ರಾಸೆಸ್‌ಗಳನ್ನೂ ಲೋಡ್‌ಗೆ ಸೇರಿಸಿ ಎಣಿಸುತ್ತದೆ.

2008ರ 2.6.25 ಕರ್ನಲ್‌ನಿಂದ ಈಚೆಗೆ ಹೀಗೆ ಕಾಯುತ್ತಿರುವ ಪ್ರಾಸೆಸ್‌ಗಳನ್ನು ಸಾಮಾನ್ಯವಾಗಿ ‘ಕಿಲ್ -9’ ಕೊಂದುಹಾಕುತ್ತದೆ. ಕಾಯುವುದನ್ನು ಸಿಗ್ನಲ್‌ನಿಂದ ನಿಲ್ಲಿಸಲು ಬಿಡುತ್ತಿದ್ದ ‘ಇಂಟರ್’ ಆಯ್ಕೆಗೆ ಆಗಿನಿಂದ ಅರ್ಥವಿಲ್ಲ, ಹಳೆಯ ಎಫ್‌ಸ್ಟ್ಯಾಬ್‌ಗಳಲ್ಲಿ (ಮೌಂಟ್‌ಗಳ ಪಟ್ಟಿ ಫೈಲುಗಳಲ್ಲಿ) ಅದು ಸುಮ್ಮನೆ ಉಳಿದುಕೊಂಡಿದೆ. ಕೊಂದರೂ ಸಾಯದ ಪ್ರಾಸೆಸ್ ಸಿಕ್ಕರೆ ‘/ಪ್ರಾಕ್’ ಡೈರೆಕ್ಟರಿಯಲ್ಲಿ ಅದರ ‘ಸ್ಟ್ಯಾಕ್’ ಫೈಲನ್ನು ರೂಟ್ ಆಗಿ ಓದಿ. ಸಾಮಾನ್ಯವಾಗಿ ಅದು ಬೇರೊಂದು ಪ್ರಾಸೆಸ್ ಹಿಡಿದ ಐನೋಡ್ (ಫೈಲಿನ ಒಳ ದಾಖಲೆ) ಬೀಗಕ್ಕೆ ಕಾಯುತ್ತಿರುತ್ತದೆ. ಆ ಇನ್ನೊಂದನ್ನು ಹುಡುಕಿ ಕೊಂದರೆ ಇದೂ ಬಿಡುಗಡೆಯಾಗುತ್ತದೆ.

‘ಸಾಫ್ಟ್’ ಹಾಕಿದರೆ ನೇತಾಡುವುದಿಲ್ಲವಲ್ಲ, ಅದೇ ಒಳ್ಳೆಯದಲ್ಲವೇ?

ಓದಲಷ್ಟೇ ಬಳಸುವ ಮೌಂಟ್‌ಗೆ ಒಪ್ಪಬಹುದು. ಬರೆಯುವ ಮೌಂಟ್‌ಗೆ ಹಾಕಬೇಡಿ. ಕಾಲಮಿತಿ ಮೀರಿದಾಗ ಕರ್ನಲ್ ಕೈಚೆಲ್ಲಿ ತಪ್ಪು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಆದರೆ ಬರಹ ನಡೆಯುವುದು ಹಿನ್ನೆಲೆಯಲ್ಲಿ. ‘ರೈಟ್’ ಕರೆ ಆಗಲೇ ಯಶಸ್ಸು ಎಂದು ಹೇಳಿ ಮುಗಿದಿರುತ್ತದೆ. ತಪ್ಪು ಹೊರಬೀಳುವುದು ‘ಎಫ್‌ಸಿಂಕ್’ ಅಥವಾ ‘ಕ್ಲೋಸ್’ನಲ್ಲಿ. ಕ್ಲೋಸ್‌ನ ಉತ್ತರವನ್ನು ನೋಡುವ ಪ್ರೋಗ್ರಾಮುಗಳು ಎಷ್ಟಿವೆ? ಫಲವಾಗಿ ಫೈಲಿನ ನಡುವೆ ತೂತು ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕದಲ್ಲೂ ಎಡವುತ್ತಾರೆ. ಕಾಲಮಿತಿ ಹೇಳುವ ‘ಟೈಮಿಯೋ’ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿದೆ. ಟಿಸಿಪಿಗೆ ಮೂಲ ಬೆಲೆ 600, ಅಂದರೆ 60 ಸೆಕೆಂಡ್, ‘ರಿಟ್ರಾನ್ಸ್’ (ಮರುಪ್ರಯತ್ನಗಳ ಸಂಖ್ಯೆ) 2. ಪ್ರತಿ ಮರುಪ್ರಯತ್ನಕ್ಕೆ ಇನ್ನೊಂದು 60 ಸೇರುವುದರಿಂದ ಸಾಫ್ಟ್ ಮೌಂಟ್ ಸುಮಾರು 180 ಸೆಕೆಂಡಿಗೆ ಸೋಲೊಪ್ಪುತ್ತದೆ. ಐದು ಸೆಕೆಂಡ್ ಎಂದುಕೊಂಡು ‘ಟೈಮಿಯೋ’ಗೆ 5 ಕೊಟ್ಟವರಿಗೆ ಸಿಗುವುದು ಅರ್ಧ ಸೆಕೆಂಡ್. ಸರ್ವರ್ ಡಿಸ್ಕ್ ಸ್ವಲ್ಪ ತಡವರಿಸಿದರೂ ಆಗ ತಪ್ಪುಗಳ ಸುರಿಮಳೆ.

ಮರುಪ್ರಯತ್ನದಿಂದ ಒಂದೇ ಕೆಲಸ ಎರಡು ಸಲ ನಡೆಯುವುದಿಲ್ಲವೇ?

ಓದುವುದು, ನಿಗದಿತ ಜಾಗಕ್ಕೆ ಬರೆಯುವುದು ಎರಡು ಸಲ ಆದರೂ ತೊಂದರೆಯಿಲ್ಲ. ಅಳಿಸುವುದು, ಹೆಸರು ಬದಲಿಸುವುದು, ಡೈರೆಕ್ಟರಿ ಮಾಡುವುದು ಹಾಗಲ್ಲ. ಮೊದಲ ವಿನಂತಿ ಗೆದ್ದು ಉತ್ತರ ಮಾತ್ರ ದಾರಿಯಲ್ಲಿ ಕಳೆದರೆ, ಎರಡನೆಯದಕ್ಕೆ ‘ಫೈಲ್ ಇಲ್ಲ’ ಅಥವಾ ‘ಈಗಾಗಲೇ ಇದೆ’ ಎಂಬ ಉತ್ತರ ಬರಬಹುದು. ಎನ್‌ಎಫ್‌ಎಸ್ ಪ್ರೋಟೋಕಾಲ್‌ನ ಆವೃತ್ತಿ 3ರಲ್ಲಿ ಸರ್ವರ್ ಇತ್ತೀಚಿನ ಉತ್ತರಗಳನ್ನು ನೆನಪಿಟ್ಟು ಇದನ್ನು ಒಂದು ಮಟ್ಟಿಗೆ ತಡೆಯುತ್ತದೆ. ರೀಬೂಟ್ ಆದರೆ ಆ ನೆನಪು ಹೋಯಿತು. ಆವೃತ್ತಿ 4.1ರ ಸೆಷನ್‌ಗಳಲ್ಲಿ ಪ್ರತಿ ವಿನಂತಿಗೂ ಸ್ಲಾಟ್ ಸಂಖ್ಯೆ, ಕ್ರಮಸಂಖ್ಯೆ ಇರುವುದರಿಂದ ಸೆಷನ್ ಜೀವಂತ ಇರುವವರೆಗೆ ಹಳೆಯ ವಿನಂತಿಯನ್ನು ಸರ್ವರ್ ಖಚಿತವಾಗಿ ಗುರುತಿಸುತ್ತದೆ. 4.0 ಬಿಟ್ಟು 4.1 ಅಥವಾ 4.2 ಬಳಸಲು ಇದೊಂದೇ ಕಾರಣ ಸಾಕು.

ಬರೆದ ದತ್ತಾಂಶ ಸರ್ವರ್ ಡಿಸ್ಕ್ ತಲುಪಿದೆ ಎಂದು ಯಾವಾಗ ನಂಬಬಹುದು?

ಎಫ್‌ಸಿಂಕ್ ಯಶಸ್ವಿಯಾಗಿ ಮರಳಿದ ಮೇಲೆ. 1995ರ ಆವೃತ್ತಿ 3ರಿಂದ ಬರಹ ಎರಡು ಹಂತದಲ್ಲಿ ನಡೆಯುತ್ತದೆ. ಕ್ಲೈಂಟ್ ‘ಅನ್‌ಸ್ಟೇಬಲ್’ ಗುರುತಿನ ‘ರೈಟ್’ಗಳನ್ನು ಕಳಿಸುತ್ತದೆ, ಸರ್ವರ್ ಅವನ್ನು ಮೆಮೊರಿಯಲ್ಲೇ ಇಟ್ಟು ಸರಿ ಎನ್ನುತ್ತದೆ. ಬಳಿಕ ‘ಕಮಿಟ್’ ಹೋದಾಗ ಡಿಸ್ಕಿಗೆ ಇಳಿಸಿ ಉತ್ತರಿಸುತ್ತದೆ. ಎರಡೂ ಉತ್ತರಗಳಲ್ಲಿ 8 ಬೈಟ್‌ನ ಒಂದು ಗುರುತು ಇರುತ್ತದೆ, ಸರ್ವರ್ ಮರುಪ್ರಾರಂಭವಾದರೆ ಅದು ಬದಲಾಗುತ್ತದೆ. ರೈಟ್ ಮತ್ತು ಕಮಿಟ್ ನಡುವೆ ಗುರುತು ಬದಲಾಗಿದ್ದರೆ ಕ್ಲೈಂಟ್ ಆ ಪುಟಗಳನ್ನೆಲ್ಲ ಮತ್ತೆ ಕಳಿಸುತ್ತದೆ. ಕಮಿಟ್ ಆಗುವ ತನಕ ಪುಟಗಳನ್ನು ಕ್ಲೈಂಟ್ ಕೈಬಿಡದಿರುವುದು ಇದಕ್ಕಾಗಿಯೇ.

ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ (ಯಾವ ಡೈರೆಕ್ಟರಿಯನ್ನು ಯಾರಿಗೆ ಹಂಚುವುದೆಂಬ ಪಟ್ಟಿಯಲ್ಲಿ) ‘ಅಸಿಂಕ್’ ಎಂದು ಬರೆದರೆ ಈ ಏರ್ಪಾಡು ಪೂರ್ತಿ ಬುಡಮೇಲು: ಡಿಸ್ಕಿಗೆ ಇಳಿಯದಿದ್ದರೂ ಸರ್ವರ್ ಇಳಿದಿದೆ ಎನ್ನುತ್ತದೆ, ಕ್ಲೈಂಟ್ ನಂಬಿ ಪುಟ ಬಿಡುತ್ತದೆ, ಆಗ ಕರೆಂಟ್ ಹೋದರೆ ದತ್ತಾಂಶ ಎಲ್ಲೂ ಇಲ್ಲ. ಕ್ಲೈಂಟ್ ಕಡೆಯ ಮೌಂಟ್ ಆಯ್ಕೆ ‘ಅಸಿಂಕ್’ಗೂ ಇದಕ್ಕೂ ಸಂಬಂಧವಿಲ್ಲ, ಅದು ಮಾಮೂಲಿ, ನಿರಪಾಯ.

ಡಿಸ್ಕ್ ತುಂಬಿದ, ಕೋಟಾ ಮುಗಿದ ಸುದ್ದಿಯೂ ಹೀಗೇ ಕ್ಲೋಸ್ ಹೊತ್ತಿಗೆ ಬರಬಹುದು.

ದೊಡ್ಡ ಫೈಲ್ ನಕಲು ಕ್ಷಣದಲ್ಲಿ ಮುಗಿದಂತೆ ಕಂಡು ಕೊನೆಯಲ್ಲಿ ನಿಮಿಷಗಟ್ಟಲೆ ನಿಲ್ಲುತ್ತದೆ. ಏಕೆ?

ಲಭ್ಯ ಮೆಮೊರಿಯ 20 ಶೇಕಡಾ ತನಕ ಕೊಳೆ ಪುಟಗಳಿಗೆ ಜಾಗ ಕೊಡುವುದು ಹಲವು ವ್ಯವಸ್ಥೆಗಳ ಮೂಲ ಹೊಂದಿಕೆ. 64 ಜಿಬಿ ಯಂತ್ರದಲ್ಲಿ ಅದು 12 ಜಿಬಿ ಆಸುಪಾಸು. ಒಂದು ಗಿಗಾಬಿಟ್ ಕೊಂಡಿಯಲ್ಲಿ ಸೆಕೆಂಡಿಗೆ 110 ಎಂಬಿ ಹೋದರೂ ಅಷ್ಟನ್ನು ಕಳಿಸಲು ಎರಡು ನಿಮಿಷ ಹತ್ತಿರವಾಗುತ್ತದೆ, ಕ್ಲೋಸ್ ಅದಕ್ಕೆಲ್ಲ ಕಾಯಬೇಕು. ‘ವಿಎಂ’ ಹೊಂದಿಕೆಗಳಲ್ಲಿ ‘ಡರ್ಟಿ ಬೈಟ್ಸ್’ ಅನ್ನು 1 ಜಿಬಿಗೆ, ‘ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್’ ಅನ್ನು 256 ಎಂಬಿಗೆ ಇಳಿಸಿ ನೋಡಿ. ಒಟ್ಟು ಸಮಯ ಉಳಿಯದು; ಆದರೆ ಹರಿವು ಸಮನಾಗುತ್ತದೆ, ಕೊನೆಯ ನಿಲುಗಡೆ ಕರಗುತ್ತದೆ.

ವೇಗ ಸಾಲದು. ಯಾವ ಆಯ್ಕೆ ಬದಲಿಸಲಿ?

ಮೊದಲು ಕೆಲಸದ ಸ್ವಭಾವ ನೋಡಿ. ಸಾವಿರಾರು ಪುಟ್ಟ ಫೈಲುಗಳಾದರೆ ಖರ್ಚಾಗುವುದು ಹೋಗಿಬರುವ ಸಮಯ. ಫೈಲೊಂದಕ್ಕೆ ನಾಲ್ಕು ವಿನಂತಿ, ಹೋಗಿಬರಲು 1 ಮಿಲಿಸೆಕೆಂಡ್ ಎಂದರೆ 10,000 ಫೈಲುಗಳಿಗೆ 40 ಸೆಕೆಂಡ್. ಹತ್ತು ಗಿಗಾಬಿಟ್ ಕಾರ್ಡ್ ಹಾಕಿದರೂ ಈ ಲೆಕ್ಕ ಕದಲುವುದಿಲ್ಲ. ಏಕಕಾಲಕ್ಕೆ ಹಲವು ಪ್ರಾಸೆಸ್ ಓಡಿಸುವುದು, ಟಾರ್ ಮಾಡಿ ಒಂದೇ ಫೈಲಾಗಿ ಸಾಗಿಸುವುದು ಇವೇ ಉಪಾಯ. ಆವೃತ್ತಿ 4ರ ಡೆಲಿಗೇಷನ್ (ಸರ್ವರ್ ಕ್ಲೈಂಟಿಗೆ ವಹಿಸುವ ಫೈಲಿನ ತಾತ್ಕಾಲಿಕ ಹೊಣೆ) ಸಿಕ್ಕರೆ ಅದೇ ಫೈಲನ್ನು ಮತ್ತೆ ತೆರೆಯುವಾಗ ಸರ್ವರನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು ಯಂತ್ರ ಅದೇ ಫೈಲಿಗೆ ಕೈಹಾಕಿದಾಗ ಸರ್ವರ್ ಅದನ್ನು ವಾಪಸ್ ಕೇಳಿ ಪಡೆಯುತ್ತದೆ.

ದೊಡ್ಡ ಫೈಲುಗಳ ಸಾಲು ಓದಾದರೆ ಮೂರು ಜಾಗ ನೋಡಿ. ಒಂದು ವಿನಂತಿಯಲ್ಲಿ ಓದುವ, ಬರೆಯುವ ಗಾತ್ರಗಳಾದ ‘ಆರ್‌ಸೈಜ್’, ‘ಡಬ್ಲ್ಯೂಸೈಜ್’ ತಾವಾಗಿಯೇ ಸರ್ವರ್ ಒಪ್ಪುವ ಗರಿಷ್ಠಕ್ಕೆ, ಸಾಮಾನ್ಯವಾಗಿ 10,48,576 ಬೈಟ್‌ಗೆ, ಹೊಂದಿಕೊಳ್ಳುತ್ತವೆ. ಯಾವುದೋ ಹಳೆಯ ಟಿಪ್ಪಣಿ ನೋಡಿ 8192 ಎಂದು ಬರೆದಿದ್ದರೆ ಅಳಿಸಿ. ಎರಡನೆಯದು ಮುಂಗಡ ಓದು: ಕರ್ನಲ್ 5.4ಕ್ಕೆ ಮೊದಲು ಇದು ಆರ್‌ಸೈಜ್‌ನ 15 ಪಟ್ಟು ಇತ್ತು, ಬಳಿಕ 128 ಕೆಬಿಗೆ ಇಳಿಯಿತು. ಕರ್ನಲ್ ಏರಿಸಿದ ಮೇಲೆ ಓದು ನಿಧಾನವಾಯಿತು ಎಂಬ ದೂರಿಗೆ ಇದೇ ಕಾರಣವಾಗಿರುವುದು ಹೆಚ್ಚು. ಸಿಸ್‌ನ ‘ಬಿಡಿಐ’ ಡೈರೆಕ್ಟರಿಯಲ್ಲಿ ಆ ಮೌಂಟ್‌ನ ಸಾಧನ ಸಂಖ್ಯೆ ಹುಡುಕಿ, ಅಲ್ಲಿನ ‘ರೀಡ್ ಅಹೆಡ್ ಕೆಬಿ’ಗೆ 15360 ಬರೆದು ಅಳೆಯಿರಿ. ಮೂರನೆಯದು 5.3ರಲ್ಲಿ ಬಂದ ‘ಎನ್‌ಕನೆಕ್ಟ್’: ಒಂದು ಸರ್ವರಿಗೆ 16ರ ತನಕ ಟಿಸಿಪಿ ಸಂಪರ್ಕ. ವೇಗದ ಕೊಂಡಿಯಲ್ಲಿ 4 ಅಥವಾ 8 ಕೊಟ್ಟರೆ ಲಾಭ ಕಾಣುತ್ತದೆ, ಒಂದು ಗಿಗಾಬಿಟ್‌ನಲ್ಲಿ ಕಾಣುವುದಿಲ್ಲ.

ಯುಡಿಪಿ ಹಗುರ, ಹಾಗಾಗಿ ವೇಗ ಅಲ್ಲವೇ?

ಆ ಕಾಲ ಹೋಯಿತು. ದೊಡ್ಡ ವಿನಂತಿ ಐಪಿ ತುಣುಕುಗಳಾಗಿ ಒಡೆಯುತ್ತದೆ. ತುಣುಕುಗಳ ಗುರುತು ಸಂಖ್ಯೆ 16 ಬಿಟ್ ಮಾತ್ರ. ವೇಗದ ಜಾಲದಲ್ಲಿ ಅದು ಕೆಲವೇ ಸೆಕೆಂಡಿನಲ್ಲಿ ಒಂದು ಸುತ್ತು ಬಂದು, ಒಂದರ ತುಣುಕು ಇನ್ನೊಂದಕ್ಕೆ ಅಂಟಿ, ದತ್ತಾಂಶ ಸದ್ದಿಲ್ಲದೆ ಕೆಡಬಹುದು. ಟಿಸಿಪಿಯನ್ನೇ ಬಳಸಿ.

‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದರೇನು?

ಕ್ಲೈಂಟ್ ಸರ್ವರಿಗೆ ಫೈಲಿನ ಹಾದಿ ಹೇಳುವುದಿಲ್ಲ, ಹ್ಯಾಂಡಲ್ ಎಂಬ ಗುರುತು ಚೀಟಿ ತೋರಿಸುತ್ತದೆ. ಆವೃತ್ತಿ 3ರಲ್ಲಿ 64 ಬೈಟ್ ತನಕ, 4ರಲ್ಲಿ 128 ಬೈಟ್ ತನಕ. ಅದರೊಳಗೆ ಏನಿದೆ ಎಂಬುದು ಸರ್ವರ್‌ನ ಖಾಸಗಿ ವಿಷಯ. ಲಿನಕ್ಸ್ ಸರ್ವರ್ ಅದರಲ್ಲಿ ಫೈಲ್ ಸಿಸ್ಟಂನ ಗುರುತು, ಐನೋಡ್ ಸಂಖ್ಯೆ, ಐನೋಡ್‌ನ ಪೀಳಿಗೆ ಸಂಖ್ಯೆ ಇಡುತ್ತದೆ. ಬೇರೆಯವರು ಫೈಲ್ ಅಳಿಸಿ ಅದೇ ಐನೋಡ್ ಹೊಸ ಫೈಲಿಗೆ ಹೋದರೂ ಪೀಳಿಗೆ ಸಂಖ್ಯೆ ತಾಳೆಯಾಗದು, ಆಗ ಈ ತಪ್ಪು. ಅಂದರೆ ಬೇರೆಯವರ ಫೈಲಿಗೆ ನಿಮ್ಮ ಬರಹ ಬೀಳದಂತೆ ಕಾಪಾಡುವುದೇ ಇದು.

ಒಂದೆರಡು ಫೈಲಿಗೆ ಬಂದರೆ ಮತ್ತೆ ತೆರೆದರೆ ಸಾಕು. ಇಡೀ ಮೌಂಟ್‌ಗೆ ಬಂದರೆ ಸರ್ವರ್‌ನಲ್ಲಿ ಫೈಲ್ ಸಿಸ್ಟಂನ ಗುರುತೇ ಬದಲಾಗಿದೆ: ಬ್ಯಾಕಪ್‌ನಿಂದ ಹೊಸ ಡಿಸ್ಕಿಗೆ ಇಳಿಸಿದ್ದು, ಸಾಧನ ಸಂಖ್ಯೆ ಬದಲಾದದ್ದು ಅಥವಾ ಎಕ್ಸ್‌ಪೋರ್ಟ್ ಮಾಡಬೇಕಾದ ಡಿಸ್ಕ್ ಮೌಂಟ್ ಆಗುವ ಮೊದಲೇ ಸೇವೆ ಶುರುವಾದದ್ದು. ಎಕ್ಸ್‌ಪೋರ್ಟ್ಸ್‌ನಲ್ಲಿ ‘ಎಫ್‌ಎಸ್‌ಐಡಿ’ ನಿಗದಿಪಡಿಸಿದರೆ ಎರಡನೆಯದು ತಪ್ಪುತ್ತದೆ.

ಡೈರೆಕ್ಟರಿಯಲ್ಲಿ ‘.ಎನ್‌ಎಫ್‌ಎಸ್’ ಎಂದು ಶುರುವಾಗುವ ವಿಚಿತ್ರ ಫೈಲುಗಳಿವೆ. ಅಳಿಸಲೇ?

ತೆರೆದಿರುವ ಫೈಲನ್ನು ಅಳಿಸಿದರೂ ಬಳಸುತ್ತಿರುವವರಿಗೆ ಅದು ಸಿಗುತ್ತಿರಬೇಕು ಎಂಬುದು ಯುನಿಕ್ಸ್ ನಿಯಮ. ಆವೃತ್ತಿ 3ರ ಸರ್ವರಿಗೆ ಯಾರು ತೆರೆದಿದ್ದಾರೆ ಎಂದು ಗೊತ್ತಿಲ್ಲದ ಕಾರಣ ಕ್ಲೈಂಟ್ ಫೈಲಿನ ಹೆಸರು ಬದಲಿಸಿ ಇಟ್ಟು, ಕೊನೆಯ ಕ್ಲೋಸ್ ಆದಾಗ ಅಳಿಸುತ್ತದೆ. ಲಿನಕ್ಸ್ ಕ್ಲೈಂಟ್ 4ರಲ್ಲೂ ಹೀಗೇ ಮಾಡುತ್ತದೆ. ‘ಎಲ್‌ಎಸ್‌ಓಎಫ್’ ಓಡಿಸಿ ಯಾವ ಪ್ರಾಸೆಸ್ ಹಿಡಿದಿದೆ ನೋಡಿ. ಅದು ನಿಂತರೆ ಫೈಲೂ ಹೋಗುತ್ತದೆ. ಕ್ಲೈಂಟ್ ನಡುವೆ ಕುಸಿದಿದ್ದರೆ ಅನಾಥವಾಗಿ ಉಳಿಯುತ್ತವೆ. ಯಾವ ಯಂತ್ರವೂ ಬಳಸುತ್ತಿಲ್ಲ ಎಂದು ಖಚಿತವಾದ ಮೇಲೆ ಅಳಿಸಬಹುದು.

ಫೈಲುಗಳ ಒಡೆಯ ‘ನೋಬಡಿ’ ಎಂದು ಕಾಣುತ್ತದೆ, ಅಥವಾ ಅನುಮತಿ ಸಿಗುತ್ತಿಲ್ಲ.

ರೂಟ್ ಆಗಿ ಮಾಡಿದ ಫೈಲಾದರೆ ಕಾರಣ ‘ರೂಟ್ ಸ್ಕ್ವಾಶ್’: ಕ್ಲೈಂಟ್‌ನ ಸಂಖ್ಯೆ 0 ಬಳಕೆದಾರನನ್ನು ಸರ್ವರ್ 65534 ಆಗಿಸುತ್ತದೆ. ಎಲ್ಲರದ್ದೂ ನೋಬಡಿ ಎಂದಾದರೆ ಆವೃತ್ತಿ 4ರ ಹೆಸರು ಹೊಂದಿಕೆ ಕೆಟ್ಟಿದೆ. ಎರಡೂ ಕಡೆಯ ‘ಐಡಿಮ್ಯಾಪ್‌ಡಿ’ ಸಂರಚನೆಯಲ್ಲಿ ಡೊಮೇನ್ ಒಂದೇ ಇದೆಯೇ ನೋಡಿ, ಸರಿಪಡಿಸಿದ ಮೇಲೆ ‘ಎನ್‌ಎಫ್‌ಎಸ್‌ಐಡಿಮ್ಯಾಪ್ -ಸಿ’ ಓಡಿಸಿ ಹಳೆಯ ನೆನಪು ತೊಳೆಯಿರಿ.

ತಲೆ ತಿನ್ನುವುದು ಗುಂಪುಗಳ ಸಂಗತಿ. ಮಾಮೂಲಿ ಗುರುತಿನ ಕ್ರಮದಲ್ಲಿ ವಿನಂತಿಯೊಂದಿಗೆ 16 ಹೆಚ್ಚುವರಿ ಗುಂಪು ಮಾತ್ರ ಹೋಗುತ್ತವೆ. ಹದಿನೇಳನೆಯ ಗುಂಪಿನಿಂದ ಸಿಗಬೇಕಾದ ಅನುಮತಿ ಸಿಗುವುದಿಲ್ಲ, ಅಲ್ಲೇ ‘ಐಡಿ’ ಆದೇಶ ಮಾತ್ರ ಎಲ್ಲ ಸರಿ ಎಂದು ತೋರಿಸುತ್ತದೆ. ಸರ್ವರ್‌ನ ‘ಮೌಂಟ್‌ಡಿ’ಗೆ ‘ಮ್ಯಾನೇಜ್ ಜಿಐಡಿಸ್’ ಕೊಟ್ಟರೆ ಗುಂಪುಗಳನ್ನು ಸರ್ವರೇ ಹುಡುಕಿಕೊಳ್ಳುತ್ತದೆ. ಟಿಕೆಟ್ ಆಧಾರಿತ ಗುರುತಿನ ವ್ಯವಸ್ಥೆಯಾದ ಕರ್ಬರೋಸ್ ಬಳಸುವವರಿಗೆ ಈ ಮಿತಿಯಿಲ್ಲ, ಬದಲಿಗೆ ಗಡಿಯಾರದ ಗೋಳು: ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಬಾಗಿಲು ಮುಚ್ಚಿತು. ರಾತ್ರಿಯಿಡೀ ಓಡುವ ಕೆಲಸ ನಡುವೆ ಅನುಮತಿ ಕಳೆದುಕೊಂಡರೆ ಟಿಕೆಟ್ ಅವಧಿ ಮುಗಿದಿದೆ.

ಒಂದೇ ಇಮೇಜ್‌ನಿಂದ ಮಾಡಿದ ವರ್ಚುವಲ್ ಯಂತ್ರಗಳು ಪರಸ್ಪರ ಲಾಕ್ ಕಿತ್ತುಕೊಳ್ಳುತ್ತಿವೆ.

ಆವೃತ್ತಿ 4ರಲ್ಲಿ ಸರ್ವರ್ ಪ್ರತಿ ಕ್ಲೈಂಟನ್ನೂ ಅದು ಹೇಳಿಕೊಳ್ಳುವ ಗುರುತಿನಿಂದ ನೆನಪಿಡುತ್ತದೆ, ಆ ಗುರುತಿನ ಮುಖ್ಯ ಭಾಗ ಹೋಸ್ಟ್ ಹೆಸರು. ಎಲ್ಲರ ಹೆಸರೂ ‘ಲೋಕಲ್‌ಹೋಸ್ಟ್’ ಎಂದಿದ್ದರೆ ಎರಡನೆಯ ಯಂತ್ರ ಬಂದಾಗ ಮೊದಲನೆಯದೇ ರೀಬೂಟ್ ಆಗಿ ಬಂದಿದೆ ಎಂದು ಸರ್ವರ್ ತಿಳಿದು ಹಳೆಯ ಲಾಕ್, ತೆರೆದ ಫೈಲುಗಳನ್ನೆಲ್ಲ ಬಿಟ್ಟುಬಿಡುತ್ತದೆ. ಮೊದಲನೆಯದು ಮತ್ತೆ ಗುರುತು ಹೇಳಿಕೊಂಡಾಗ ಎರಡನೆಯದರ ಸರದಿ. ಹೋಸ್ಟ್ ಹೆಸರು ಬೇರೆ ಮಾಡಿ, ಇಲ್ಲವೇ ಎನ್‌ಎಫ್‌ಎಸ್ ಮಾಡ್ಯೂಲಿನ ‘ಎನ್‌ಎಫ್‌ಎಸ್4 ಯುನೀಕ್ ಐಡಿ’ಗೆ ಪ್ರತಿ ಯಂತ್ರದಲ್ಲೂ ಬೇರೆ ಬೆಲೆ ಕೊಡಿ. ಕಂಟೈನರ್‌ಗಳಲ್ಲೂ ಇದೇ ಕಾಟ.

ಫೈರ್‌ವಾಲ್‌ನಲ್ಲಿ ಯಾವ ಪೋರ್ಟ್ ತೆರೆಯಬೇಕು?

ಆವೃತ್ತಿ 4ಕ್ಕೆ ಟಿಸಿಪಿ 2049 ಒಂದೇ. 4.0ರಲ್ಲಿ ಡೆಲಿಗೇಷನ್ ವಾಪಸ್ ಕೇಳಲು ಸರ್ವರೇ ಕ್ಲೈಂಟಿಗೆ ಸಂಪರ್ಕ ಮಾಡಬೇಕಿತ್ತು; 4.1ರಿಂದ ಅದೂ ಇದೇ ಸಂಪರ್ಕದ ಮೇಲೆ ಬರುತ್ತದೆ. ಆವೃತ್ತಿ 3ಕ್ಕೆ 111, 2049ರ ಜೊತೆಗೆ ಮೌಂಟ್‌ಡಿ, ಸ್ಟ್ಯಾಟ್‌ಡಿ, ಲಾಕ್‌ಡಿ ಎಂಬ ಸಹಾಯಕ ಸೇವೆಗಳ ಪೋರ್ಟುಗಳೂ ಬೇಕು, ಅವನ್ನು ಸಂರಚನೆಯಲ್ಲಿ ಸ್ಥಿರ ಮಾಡದಿದ್ದರೆ ಪ್ರತಿ ರೀಬೂಟ್‌ಗೂ ಬದಲಾಗಬಹುದು. ಮೌಂಟ್ ಆಗುತ್ತದೆ, ಓದುಬರಹ ಆಗುತ್ತದೆ, ಲಾಕ್ ಕೇಳಿದ ಪ್ರೋಗ್ರಾಂ ಮಾತ್ರ ನಿಲ್ಲುತ್ತದೆ ಎಂದರೆ ಲಾಕ್‌ಡಿ ಪೋರ್ಟ್ ಮುಚ್ಚಿದೆ.

ಸರ್ವರ್ ರೀಬೂಟ್ ಆದ ಮೇಲೆ ಒಂದೂವರೆ ನಿಮಿಷ ಲಾಕ್ ಸಿಗುವುದಿಲ್ಲ.

ಹಳೆಯ ಲಾಕ್‌ದಾರರು ಬಂದು ತಮ್ಮದನ್ನು ಮರಳಿ ಪಡೆಯಲೆಂದು ಬಿಟ್ಟ ಅವಧಿ ಅದು. ಲಿನಕ್ಸ್ ಸರ್ವರ್‌ನಲ್ಲಿ ಮೂಲ ಬೆಲೆ 90 ಸೆಕೆಂಡ್. ಲೀಸ್ ಅವಧಿಯೂ (ಅಷ್ಟರೊಳಗೆ ಕ್ಲೈಂಟ್ ನವೀಕರಿಸದಿದ್ದರೆ ಲಾಕ್ ಹೋಗಬಹುದು) ಅಷ್ಟೇ. ಇಳಿಸಬಹುದು, ಆದರೆ ಲೀಸ್ ತೀರ ಚಿಕ್ಕದಾದರೆ ಸಣ್ಣ ನೆಟ್‌ವರ್ಕ್ ತೊಡಕಿಗೂ ಲಾಕ್ ಕಳೆದುಹೋಗುತ್ತದೆ.

ಸರ್ವರ್ ಮತ್ತು ಕ್ಲೈಂಟ್ ಒಂದೇ ಯಂತ್ರದಲ್ಲಿರಬಹುದೇ?

ಪ್ರಯೋಗಕ್ಕೆ ಸರಿ. ಭಾರವಾದ ಬರಹಕ್ಕೆ ಬೇಡ: ಮೆಮೊರಿ ಬಿಡಿಸಲು ಕ್ಲೈಂಟ್ ಪುಟಗಳನ್ನು ಸರ್ವರಿಗೆ ಕಳಿಸಬೇಕು, ಅದನ್ನು ಸ್ವೀಕರಿಸಲು ಸರ್ವರಿಗೆ ಮೆಮೊರಿ ಬೇಕು, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂರಬಹುದು. ಇದನ್ನು ತಪ್ಪಿಸುವ ಕೋಡು ಕರ್ನಲ್‌ಗೆ ಸೇರಿದೆ, ಆದರೂ ಅದೇ ಯಂತ್ರದ ಡೈರೆಕ್ಟರಿಯನ್ನು ಇನ್ನೊಂದು ಜಾಗದಲ್ಲೂ ತೋರಿಸುವ ‘ಬೈಂಡ್ ಮೌಂಟ್’ ಇರುವಾಗ ಈ ಉಸಾಬರಿ ಏಕೆ?

ನಿಧಾನಕ್ಕೆ ಕಾರಣ ನೆಟ್‌ವರ್ಕೋ ಸರ್ವರೋ ಕ್ಲೈಂಟೋ, ಹೇಗೆ ತಿಳಿಯುವುದು?

‘/ಪ್ರಾಕ್/ಸೆಲ್ಫ್/ಮೌಂಟ್‌ಸ್ಟ್ಯಾಟ್ಸ್’ ಫೈಲಿನಲ್ಲಿ ಪ್ರತಿ ಬಗೆಯ ವಿನಂತಿಗೂ ಒಂದು ಸಾಲಿದೆ. ಸಂಖ್ಯೆಗಳು ಕ್ರಮವಾಗಿ: ಒಟ್ಟು ಕಾರ್ಯಗಳು, ಕಳಿಸಿದ ಸಲ, ದೊಡ್ಡ ಕಾಲಮಿತಿ ಮೀರಿದ್ದು, ಕಳಿಸಿದ ಬೈಟ್, ಪಡೆದ ಬೈಟ್, ಸರದಿಯಲ್ಲಿ ಕಾದ ಮಿಲಿಸೆಕೆಂಡ್, ಉತ್ತರಕ್ಕೆ ಕಾದ ಮಿಲಿಸೆಕೆಂಡ್, ಒಟ್ಟು ಮಿಲಿಸೆಕೆಂಡ್. ಎಲ್ಲವೂ ಮೌಂಟ್ ಆದಾಗಿನ ಮೊತ್ತ, ಆದ್ದರಿಂದ 10 ಸೆಕೆಂಡ್ ಅಂತರದಲ್ಲಿ ಎರಡು ಸಲ ಓದಿ ಕಳೆಯಿರಿ. ‘ಎನ್‌ಎಫ್‌ಎಸ್‌ಐಓಸ್ಟ್ಯಾಟ್’ ಇದನ್ನೇ ಮಾಡುತ್ತದೆ.

ಕಳಿಸಿದ ಸಲ ಕಾರ್ಯಗಳಿಗಿಂತ ಹೆಚ್ಚಿದ್ದರೆ ಮರುಪ್ರಯತ್ನ ನಡೆಯುತ್ತಿದೆ, ಜಾಲವನ್ನೋ ಸರ್ವರ್ ಬಿದ್ದದ್ದನ್ನೋ ಅನುಮಾನಿಸಿ. ಸರದಿಯ ಸಮಯ ದೊಡ್ಡದಿದ್ದರೆ ಕ್ಲೈಂಟೇ ಕಳಿಸಲಾಗದೆ ತುಂಬಿಕೊಂಡಿದೆ. ಉತ್ತರದ ಸಮಯ ದೊಡ್ಡದಿದ್ದರೆ ಪಿಂಗ್ ಜೊತೆ ಹೋಲಿಸಿ: ಪಿಂಗ್ 0.3 ಮಿಲಿಸೆಕೆಂಡ್, ಗೆಟ್‌ಆಟ್ರ್ 0.5, ಕಮಿಟ್ ಮಾತ್ರ 40 ಎಂದರೆ ಸರ್ವರ್ ಡಿಸ್ಕ್ ಸೋತಿದೆ. ಗೆಟ್‌ಆಟ್ರ್ ಕೂಡ 40 ಎಂದರೆ ಸರ್ವರ್‌ನ ‘ಎನ್‌ಎಫ್‌ಎಸ್‌ಡಿ’ ಥ್ರೆಡ್‌ಗಳೆಲ್ಲ ಕೆಲಸದಲ್ಲಿ ಮುಳುಗಿರಬಹುದು. ಬಹುಕಾಲ ಮೂಲ ಸಂಖ್ಯೆ 8 ಮಾತ್ರ ಇತ್ತು. ಹತ್ತಾರು ಕ್ಲೈಂಟುಗಳಿದ್ದರೆ 64 ಮಾಡಿ ಮತ್ತೆ ಅಳೆಯಿರಿ.

ಅನ್‌ಮೌಂಟ್ ಆಗುತ್ತಿಲ್ಲ, ‘ಬ್ಯುಸಿ’ ಎನ್ನುತ್ತದೆ. ‘-ಎಲ್’ ಹಾಕಲೇ?

‘-ಎಲ್’ ಮೌಂಟನ್ನು ಕಣ್ಣಿಗೆ ಮರೆ ಮಾಡುತ್ತದೆ, ತೆಗೆಯುವುದಿಲ್ಲ. ಫೈಲ್ ಹಿಡಿದ ಪ್ರಾಸೆಸ್ ಇರುವ ತನಕ ಒಳಗೆ ಎಲ್ಲವೂ ಜೀವಂತ. ಕೊಳೆ ಪುಟಗಳೂ ಸತ್ತ ಸರ್ವರಿಗೆ ಕಾಯುತ್ತಿರುತ್ತವೆ. ಅದರ ಮೇಲೆ ಅದೇ ಸರ್ವರನ್ನು ಮತ್ತೆ ಮೌಂಟ್ ಮಾಡಿದರೆ ಕರ್ನಲ್ ಹಳೆಯ ಸೂಪರ್‌ಬ್ಲಾಕನ್ನೇ (ಮೌಂಟ್ ಆದ ಫೈಲ್ ಸಿಸ್ಟಂನ ಒಳ ದಾಖಲೆಯನ್ನೇ) ಮರುಬಳಸಿ ಅದೇ ಜಾಗಕ್ಕೆ ತಂದು ನಿಲ್ಲಿಸಬಹುದು. ಮೊದಲು ‘ಫ್ಯೂಸರ್ -ಎಂ’ ಹಾಕಿ ಹಿಡಿದವರನ್ನು ನೋಡಿ ನಿಲ್ಲಿಸಿ. ಸರ್ವರ್ ಬಿದ್ದಿರುವಾಗ ಈ ಆದೇಶವೇ ನೇತಾಡಬಹುದು, ಆಗ ಪ್ರಾಕ್‌ನ ‘ಎಫ್‌ಡಿ’ ಡೈರೆಕ್ಟರಿಗಳಲ್ಲಿನ ಕೊಂಡಿಗಳನ್ನು ‘ರೀಡ್‌ಲಿಂಕ್’ನಿಂದ ಓದಿ. ಬಳಿಕ ‘-ಎಫ್’: ಇದು ಕಾಯುತ್ತಿರುವ ವಿನಂತಿಗಳನ್ನು ತಪ್ಪಿನೊಂದಿಗೆ ಮುಗಿಸುತ್ತದೆ, ಹೊಸವು ಬರುತ್ತಿದ್ದರೆ ಎರಡು ಮೂರು ಸಲ ಕೊಡಬೇಕಾಗುತ್ತದೆ. ಇನ್ನೂ ಕಳಿಸದ ಬರಹ ಇದರಲ್ಲಿ ಹೋಗುತ್ತದೆ ಎಂಬುದು ತಿಳಿದಿರಲಿ. ಸರ್ವರ್ ಅರ್ಧ ಗಂಟೆಯಲ್ಲಿ ಬರುವ ಹಾಗಿದ್ದರೆ ಏನೂ ಮಾಡದೆ ಬಿಡುವುದೇ ಮೇಲು.